ಕತ್ತಲಲ್ಲಿ ಹೊಳೆಯದ ಚುಕ್ಕಿಗಳು

ಟಕ್ ಎಂದು ಗಡಿಯಾರದ ಹಿಂಬದಿಯ ಮುಚ್ಚಳ ಬಿಚ್ಚಿಕೊಂಡಿತು. ನಡುರಾತ್ರಿಯಲ್ಲಿ ಆ ಸಣ್ಣ ಸದ್ದೂ ಪಕ್ಕದ ಕೋಣೆಯಲ್ಲಿದ್ದ ಅಮ್ಮನನ್ನು ಎಬ್ಬಿಸೀತೇನೋ ಎಂದು ಅವಳು ಉಸಿರು ಬಿಗಿಹಿಡಿದಳು. ಹಳೆಯ ಕೈಗಡಿಯಾರಗಳನ್ನು ಪರೀಕ್ಷಿಸಿ ಯಾವುದು ಅಸಲು, ಯಾವುದು ತೇಪೆ ಹಾಕಿದ್ದು ಎಂದು ಹೇಳುವುದು ಅವಳ ಕಸುಬು. ಈಗ ತೇಪೆ ಹಾಕಲು ಕುಳಿತವಳು ಅವಳೇ.

ಎಲ್ಲಾ ದೊಡ್ಡಮ್ಮನ ಕೃಪೆ.

ತೀರಿಕೊಂಡ ದೊಡ್ಡಪ್ಪನ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ ತಂದು, "ಮೊಮ್ಮಗನಿಗೆ ಕೊಡ್ಬೇಕು, ಸರಿಯಾಗಿದೆಯಾ ನೋಡೇ" ಎಂದಿದ್ದರು. ಅವಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದಳು. ಯಾರೂ ಉಜ್ಜಿ ಹೊಳಪಿಸದ ಕವಚದ ಅಂಚುಗಳು ಚೂಪಾಗಿಯೇ ಇದ್ದವು. ತಿರುಪುಗಳ ತಲೆಯ ಮೇಲೆ ಒಂದು ಗೀರಿಲ್ಲ. ಅಂಕಿಗಳ ಪಕ್ಕದ ಚುಕ್ಕಿಗಳೂ ಮುಳ್ಳುಗಳೂ ಒಂದೇ ಹದದಲ್ಲಿ ಕಂದಿದ್ದವು. ಇಷ್ಟು ಕೈ ಸೋಕದ ವಾಚನ್ನು ಅವಳು ಕಂಡದ್ದೇ ಅಪರೂಪ.

"ಪೂರ್ತಿ ಅಸಲು ದೊಡ್ಡಮ್ಮ. ಒರೆಸೋಕೂ ಹೋಗ್ಬೇಡಿ."

ಮರುದಿನ ಬೆಳಿಗ್ಗೆ ದೊಡ್ಡಮ್ಮ ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟರು.

"ರೇಡಿಯಂ ಎಲ್ಲೇ?"

"ಯಾವ ರೇಡಿಯಂ?"

"ನಿಮ್ಮ ದೊಡ್ಡಪ್ಪನ ಕೈಲಿದ್ದಾಗ ಕತ್ತಲಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಹೊಳೀತಿತ್ತು. ರಾತ್ರಿ ಹೊದಿಕೆ ಒಳಗೆ ನೋಡ್ತೀನಿ, ಕಗ್ಗತ್ತಲೆ! ನೀನು ಬದಲಾಯಿಸಿದ್ದೀಯ."

"ಆ ಬಣ್ಣ ವರ್ಷ ಕಳೆದ ಹಾಗೆ ಸತ್ತುಹೋಗುತ್ತೆ. ಈಗ್ಲೂ ಹೊಳೀತಿದ್ರೆ ಅನುಮಾನ ಪಡ್ಬೇಕಿತ್ತು. ಹೊಳೀದೇ ಇರೋದೇ ಅಸಲು ಅನ್ನೋಕೆ ಸಾಕ್ಷಿ."

"ಹೂಂ, ಉರೀದೇ ಇರೋದೇ ಅಸಲಿ ದೀಪ!" ದೊಡ್ಡಮ್ಮ ಅಮ್ಮನ ಕಡೆ ತಿರುಗಿದರು. "ಮಗಳನ್ನ ಓದ್ಸಿದ್ದು ಸಾರ್ಥಕ ಆಯ್ತು ಕಣೇ."

ಬೇರೆ ಹಳೆಯ ವಾಚುಗಳನ್ನು ತಂದು ತೋರಿಸಿದ್ದಾಯಿತು, ಪುಸ್ತಕ ಬಿಚ್ಚಿದ್ದಾಯಿತು. ದೊಡ್ಡಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು. ಗಡಿಯಾರವನ್ನು ಮೇಜಿನ ಮೇಲೆ ಕುಕ್ಕಿ, "ನಮ್ದು ವಾಪಸ್ ಬರೋವರೆಗೂ ತಾಯಿ ಮಗಳು ನನ್ನ ಮನೆ ಮೆಟ್ಟಿಲು ಹತ್ಬೇಡಿ" ಎಂದು ಹೊರಟೇಹೋದರು.

ಅಮ್ಮ ಫೋನ್ ಮಾಡಿದರೂ ಎತ್ತಲಿಲ್ಲ. ಅಮ್ಮನಿಗೆ ಒಡಹುಟ್ಟಿದವರೆಂದು ಇದ್ದದ್ದು ಆ ಅಕ್ಕ ಒಬ್ಬರೇ. ಒಂದು ಸಂಜೆ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ ಅಮ್ಮ ತಗ್ಗಿದ ದನಿಯಲ್ಲಿ, "ನೀನು ತೆಗೆದಿಲ್ಲ ತಾನೇ?" ಎಂದಳು.

ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಚಚ್ಚಿಕೊಳ್ಳುವ ಬದಲು ಆ ರಾತ್ರಿ, ಕತ್ತಲಲ್ಲಿ ಹೊಳೆಯುವ ಬಣ್ಣದ ಸೀಸೆ ತೆಗೆದಳು.

ಕೂದಲೆಳೆಯಂಥ ಕುಂಚದ ತುದಿ ಮೊದಲ ಚುಕ್ಕಿಯ ಹತ್ತಿರ ಹೋಗಿ ಎರಡು ಸಲ ಹಿಂದೆ ಬಂತು. ಇಂಥ ಕೆಲಸ ಮಾಡಿದವರ ಬಗ್ಗೆ 'ಹಾಳುಗೆಡವಿದ್ದಾರೆ' ಎಂದು ಅವಳೇ ತನ್ನ ವರದಿಗಳಲ್ಲಿ ಎಷ್ಟೋ ಸಲ ಬರೆದಿದ್ದಳು. ಒಂದು ಚುಕ್ಕಿ ಮುಟ್ಟಿದ ಮೇಲೆ ಉಳಿದವು ಸುಲಭವಾದವು. ಅದೇ ಅವಳಿಗೆ ಹೆಚ್ಚು ಬೇಸರ ತಂದಿತು.

'ನಿಮ್ಮ ವಾಚು ಇಲ್ಲಿದೆ' ಎಂಬ ಸುದ್ದಿ ಮುಟ್ಟಿದ್ದೇ ದೊಡ್ಡಮ್ಮ ಬಂದರು. ಕಿಟಕಿ ಪರದೆ ಎಳೆಸಿ, ವಾಚು ಹಿಡಿದು ಹೊದಿಕೆಯೊಳಗೆ ತಲೆ ಹುದುಗಿಸಿದರು.

"ಹಾಂ! ಇದು ನಮ್ಮೆಜಮಾನರದ್ದು!"

ಕೆದರಿದ ಕೂದಲಲ್ಲಿ ಹೊರಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಅವಳ ಕೆನ್ನೆ ತಟ್ಟಿದರು. "ಹೋಗ್ಲಿ ಬಿಡು, ವಾಪಸ್ ಕೊಟ್ಯಲ್ಲ. ಆಸೆ ಯಾರಿಗಿರಲ್ಲ? ನಾನು ಯಾರ ಹತ್ರಾನೂ ಆಡ್ಕೊಳ್ಳಲ್ಲ."

"ದೊಡ್ಡಮ್ಮ, ನಾನು ಕದ್ದೇ ಇರ್ಲಿಲ್ಲ..."

ಅಮ್ಮ ಮೊಣಕೈಯಿಂದ ತಿವಿದಳು. ಅಷ್ಟರಲ್ಲಿ ಅಕ್ಕತಂಗಿಯರು ಒಬ್ಬರ ಮಾತಿನ ಮೇಲೊಬ್ಬರು ಮಾತು ಹೇರುತ್ತ ಅಡುಗೆಮನೆ ಸೇರಿದ್ದರು.

ಕದ್ದಿಲ್ಲವೆಂದು ನಂಬಿಸಬೇಕಾದರೆ ಬಣ್ಣ ಬಳಿದದ್ದನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಆ ಹೊಳಪೂ ಸುಳ್ಳಾಗುತ್ತದೆ, ಅಡುಗೆಮನೆಯ ನಗುವೂ ನಿಲ್ಲುತ್ತದೆ. ಮುಂದೊಂದು ದಿನ ಮೊಮ್ಮಗ ಈ ವಾಚನ್ನು ಇನ್ನೊಬ್ಬ ಪರೀಕ್ಷಕನ ಮುಂದಿಟ್ಟರೆ ಅವನು, "ಯಾವ ಪಾಪಿ ಕಣ್ರೀ ಇದನ್ನ ಮುಟ್ಟಿದ್ದು?" ಎಂದಾನು. ಅನ್ನಲಿ. ದೊಡ್ಡಮ್ಮನಿಗಿರಲಿ, ಅಮ್ಮನಿಗೂ ಹೇಳುವುದಿಲ್ಲ ಎಂದುಕೊಂಡು ಅವಳು ಕಿಟಕಿ ಪರದೆ ಸರಿಸಿದಳು.