ಮುಚ್ಚಿದ ಕೋಣೆಯಲ್ಲಿ ಕೆಂಡ

ನೆಂಟರೆಲ್ಲ ಹಿಂದಿನ ದಿನವೇ ಅಟ್ಲಾಂಟಾಕ್ಕೂ ಶಾರ್ಲಟ್‌ಗೂ ಹೊರಟುಹೋಗಿದ್ದರು. ಮಣ್ಣು ಮಾಡಿ ಬಂದಮೇಲೆ ಮನೆಯಲ್ಲಿ ಮನೆಯವರಷ್ಟೇ ಉಳಿದ ಮೊದಲ ಬೆಳಗು ಅದು. ಸಿದ್ದೇಶ್ವರಿ ಎಚ್ಚರವಾದಾಗ ಮೂಗಿನ ತುದಿ ಮರಗಟ್ಟಿತ್ತು. ಗಂಡ ಇಲ್ಲ ಎನ್ನುವುದಕ್ಕಿಂತ ಮೊದಲು ಹೀಟರ್ ನಿಂತಿದೆ ಎನ್ನುವುದು ಹೊಳೆಯಿತು. ಅದಕ್ಕೆ ನಾಚಿಕೆಯೂ ಆಗಲಿಲ್ಲ.

ಅಮೆರಿಕದ ಆ ಊರು ಆಶ್‌ಬರ್ನ್‌ನಲ್ಲಿ ರಾತ್ರಿಯಿಡೀ ಹಿಮ ಸುರಿದು ಎಲ್ಲೋ ಲೈನು ಹೋಗಿತ್ತು. ಅವರ ಸಾಲಿನ ಟೌನ್‌ಹೌಸುಗಳಿಗೆ ಕರೆಂಟಿಲ್ಲ. ಎದುರು ಸಾಲಿನಲ್ಲಿ ಮಾತ್ರ ದೀಪ ಉರಿಯುತ್ತಿತ್ತು.

ಏಳಕ್ಕೇ ಎದುರುಮನೆಯ ಮೈಥಿಲಿಯ ಫೋನು. "ಮಗೂನ ಕರ್ಕೊಂಡು ಬಂದ್ಬಿಡಿ ಸಿದ್ದೂ. ಬೇಸ್‌ಮೆಂಟಲ್ಲಿ ಹಾಸಿಗೆ ರೆಡಿ ಮಾಡಿದೀನಿ. ಆಂಟೀನೂ ಬರ್ಲಿ."

ಅತ್ತೆ ಗೌರಾಬಾಯಿಗೆ ಅದು ಕೇಳಿಸಿತು. ಮಗನ ಸಂಸಾರ ನೋಡಲು ಗದಗದಿಂದ ಬಂದು, ಆ ಮಗ ಸಿದ್ಧಲಿಂಗೇಶನನ್ನೇ ಇಲ್ಲಿಯ ಮಣ್ಣಿಗಿಟ್ಟ ಹೆಂಗಸು. ಮೂವತ್ತಾರನೇ ವಯಸ್ಸಿಗೇ ಅವನ ಎದೆಬಡಿತ ನಿಂತಿತ್ತು.

"ಎಲ್ಲಿಗೂ ಹೋಗೂದು ಬ್ಯಾಡ. ಗಂಡ ಹೋದಾಕಿ ತಿಂಗಳು ತುಂಬೂ ಮಟ ಮಂದಿ ಹೊಸ್ತಿಲಾ ದಾಟಬಾರದು."

"ಕೂಸಿಗೆ ಥಂಡಿ ಆದ್ರ?"

"ನಾ ಅದೀನಲ್ಲ."

ಸಿದ್ದೇಶ್ವರಿ ವಾದಿಸಲಿಲ್ಲ. ವಾದಿಸುವುದಕ್ಕೂ ಒಳಗೆ ಏನಾದರೂ ಇರಬೇಕು. ಬಿಸಿಲು ಬೀಳುವ ಚಿಕ್ಕ ಕೋಣೆಯೊಂದನ್ನು ಆರಿಸಿ ಹಾಸಿಗೆ ಎಳೆದು ತಂದಳು. ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿದಳು, ಸಂದಿಗೆ ಟವೆಲ್ ತುರುಕಿದಳು. ನಾಲ್ಕು ವರ್ಷದ ಯಾಮಿನಿಗೆ ಟೋಪಿ, ಎರಡೆರಡು ಕಾಲುಚೀಲ. ಅತ್ತೆ ಗ್ಯಾಸ್ ಒಲೆ ಹಚ್ಚಿಟ್ಟು ಮನೆ ಬೆಚ್ಚಗೆ ಮಾಡಲು ಹೋದಾಗ ಕೈ ಹಿಡಿದಳು. "ಹಾಲು ಕಾಸೂದಕ್ಕಷ್ಟ. ಮನಿ ಕಾಸೂದಕ್ಕಲ್ಲ."

ಆಮೇಲೆ ಪೈಪುಗಳು ಹೆಪ್ಪುಗಟ್ಟದಿರಲೆಂದು ನಲ್ಲಿಗಳಲ್ಲಿ ನೀರು ಹನಿಯಬಿಡಲು ಮಹಡಿಗೆ ಹೋದಳು. ಇಳಿದು ಬರುವಷ್ಟರಲ್ಲಿ ಚಿಕ್ಕ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ನೂಕಿದರೆ ಅವಳದೇ ಟವೆಲು ತಡೆಯಿತು. ಜೋರಾಗಿ ತಳ್ಳಿ ಒಳಹೊಕ್ಕಳು.

ಒಳಗೆ ಹಾಸಿಗೆಯ ಪಕ್ಕದಲ್ಲಿ ಇದ್ದಿಲ ಗ್ರಿಲ್ಲು. ಸೆಪ್ಟೆಂಬರಿನಲ್ಲಿ ಬದನೇಕಾಯಿ ಸುಡಲು ಮೈಥಿಲಿಯ ಗಂಡ ಅವಿನಾಶನಿಂದ ಸಿದ್ಧಲಿಂಗೇಶ್ ಇಸ್ಕೊಂಡು ಬಂದು ಗ್ಯಾರೇಜಿನಲ್ಲಿಟ್ಟಿದ್ದ ಪುಟ್ಟ ಗ್ರಿಲ್ಲು. ಅದರಲ್ಲಿ ಆಗಷ್ಟೇ ಕೆಂಪಾಗುತ್ತಿದ್ದ ಇದ್ದಿಲು. ಗೌರಾಬಾಯಿ ಬೀಸಣಿಗೆಯಂತೆ ರಟ್ಟು ಬೀಸುತ್ತಿದ್ದರು.

"ಅಮ್ಮಾ, ಬಾರ್ಬೆಕ್ಯೂ ಇನ್‌ಸೈಡ್!" ಯಾಮಿನಿ ಕಂಬಳಿಯೊಳಗಿಂದ ನಕ್ಕಳು.

ಸಿದ್ದೇಶ್ವರಿ ತಲೆಯೆತ್ತಿ ಚಾವಣಿ ನೋಡಿದಳು. ಹೊಗೆಯೋ ವಿಷಗಾಳಿಯೋ ತುಂಬಿದರೆ ಕೂಗಿಕೊಳ್ಳಬೇಕಾದ ಬಿಳಿ ಡಬ್ಬಿಯ ಹೊಟ್ಟೆ ಖಾಲಿ. ಒಗ್ಗರಣೆ ಹಾಕಿದಾಗಲೆಲ್ಲ ಕಿರುಚುತ್ತದೆಂದು ಸಿದ್ಧಲಿಂಗೇಶನೇ ಬ್ಯಾಟರಿ ಕಿತ್ತಿದ್ದ. ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಅವನು ಹೋದಮೇಲೆ ಅವಳಿಗೆ ಬಂದದ್ದು ಅದೊಂದೇ.

ಕಿಟಕಿ ತೆರೆದಳು. ಮಗಳನ್ನು ಹಜಾರಕ್ಕೆ ಕಳಿಸಿದಳು. ಅಡುಗೆಮನೆಯ ದಪ್ಪ ಕೈಗವಸು ಹಾಕಿಕೊಂಡು ಗ್ರಿಲ್ಲನ್ನು ಎತ್ತಿ ಹೊರಬಾಗಿಲ ಮೆಟ್ಟಿಲಾಚೆ ಹಿಮದಲ್ಲಿ ಬೋರಲು ಹಾಕಿದಳು. ಚುಂಯ್ ಎಂದು ಆವಿ ಎದ್ದಿತು.

ಗೌರಾಬಾಯಿ ಹಿಂದೆಯೇ ಬಂದರು. "ನಿನ್ನ ಗಂಡನ್ನ ಹಿಂತಾದ ಕೆಂಡದ ಮುಂದ ಬೆಳಸೇನಿ! ಬಾಣಂತಿ ಖೋಲ್ಯಾಗ ಮೂರು ತಿಂಗಳು ಅಗ್ಗಿಷ್ಟಿಗಿ ಇತ್ತು. ಸತ್ನೇನು?"

ಮಾತು ಬಾಯಿಂದ ಬಿದ್ದುಹೋಗಿತ್ತು. ಗೌರಾಬಾಯಿ ಸೆರಗು ಬಾಯಿಗಿಟ್ಟುಕೊಂಡರು.

"ಆ ಮನಿಗೆ ಹಂಚಿತ್ತು ಅತ್ತಿ," ಸಿದ್ದೇಶ್ವರಿಯ ದನಿ ಏರಲಿಲ್ಲ. "ಹಂಚಿನ ಸಂದ್ಯಾಗ ಗಾಳಿ ಆಡತಿತ್ತು. ಈ ಮನಿ ಡಬ್ಬಿ. ಆ ವಿಷಕ್ಕ ವಾಸನಿ ಇಲ್ಲ. ನಿದ್ದಿ ಬಂದಂಗ ಬಂದು ಕೂಸಿನ್ನ ಒಯ್ತೈತಿ. ನಿಮ್ಮನ್ನೂ."

"ನಾ ಕೆಟ್ಟದ್ದು ಮಾಡಾಕ ಹಚ್ಚಿದ್ನೇನು?"

"ಇಲ್ಲ. ಆದ್ರೂ ನಾ ಹೊಂಟೆ."

"ಮಂದಿ ಏನಂದಾರು?"

"ಅನ್ಲಿ. ನನ್ನ ಮಗಳು ಉಳದು ಅದನ್ನೆಲ್ಲ ಕೇಳ್ಲಿ."

"ನಾ ಬರಾಕಿಲ್ಲ."

"ಕೂಸಿನ್ನ ಅಲ್ಲಿ ಬಿಟ್ಟು ತಿರಗಿ ಬರ್ತೀನಿ. ನಿಮ್ಮನ್ನ ಹೊತ್ಕೊಂಡ ಹೋಗ್ತೀನಿ."

ಗೌರಾಬಾಯಿ ಸೊಸೆಯ ತೆಳು ತೋಳುಗಳನ್ನು ನೋಡಿದರು. "ಹೊರ್ತಾಳಂತ, ನನ್ನ!" ಎಂದರು. ಅದು ಬೈಗುಳವೋ ನಗೆಯೋ, ಗೊತ್ತಾಗಲಿಲ್ಲ. ಆಮೇಲೆ ಬಾಗಿಲ ಪಕ್ಕದ ಗೂಟದಲ್ಲಿದ್ದ ಮಗನ ಜಾಕೆಟ್ಟಿಗೆ ಕೈ ಚಾಚಿದರು.

ಕಿಡಿ ಉಳಿದಿರಬಾರದೆಂದು ಸಿದ್ದೇಶ್ವರಿ ಇದ್ದಿಲ ಮೇಲೆ ಮತ್ತೆ ಮತ್ತೆ ಹಿಮ ಕೆದರಿದಳು. ಗ್ರಿಲ್ಲು ತಣ್ಣಗಾಗುವ ತನಕ ಉಜ್ಜಿದಳು. ಮಗಳನ್ನು ಸೊಂಟಕ್ಕೇರಿಸಿ ಒಂದು ಕೈಯಲ್ಲಿ ಬಳಸಿ, ಗ್ರಿಲ್ಲನ್ನು ಇನ್ನೊಂದು ಕೈಯಲ್ಲಿ ಹಿಡಿದು, ಜಾರುವ ರಸ್ತೆಯಲ್ಲಿ ಒಂದೊಂದೇ ಹೆಜ್ಜೆ ಇಟ್ಟಳು. ಹಿಂದೆ ಹಿಮ ತುಳಿಯುವ ಸದ್ದು ಬರುತ್ತಿತ್ತು. ಅವಳು ತಿರುಗಿ ನೋಡಲಿಲ್ಲ, ನೋಡಿದರೆ ಅತ್ತೆ ನಿಂತುಬಿಟ್ಟಾರು.

ಬಾಗಿಲು ತೆಗೆದವನು ಅವಿನಾಶ್. ಗ್ರಿಲ್ಲು ನೋಡಿ ಅವನ ಮುಖ ಬಾಡಿತು. "ಅಯ್ಯೋ, ಇದನ್ಯಾಕೆ ಈಗ ತಂದ್ರಿ? ಇರ್ಲಿ ಬಿಡಿ, ನಿಮ್ಮಲ್ಲೇ ಇರ್ಲಿ."

"ಬ್ಯಾಡ. ಅವ್ರು ಇಸ್ಕೊಂಡಿದ್ರು, ನಾ ಕೊಡಾಕತ್ತೀನಿ. ಹಿಡೀರಿ. ಒಳಗ ಬರಬೇಕು ನಾನು."

ಅವನು ಹಿಡಿದುಕೊಂಡ.