ಹನ್ನೆರಡು ಹೆಜ್ಜೆ

ಹೊಲಿಗೆಯಮ್ಮನ ಮನೆಯ ನಡುಕೋಣೆ ಬಾಗಿಲಿನಿಂದ ಗೋಡೆಗೆ ಸರಿಯಾಗಿ ಹನ್ನೆರಡು ಹೆಜ್ಜೆ. ಅವಳ ಮಗಳು ಆ ಹನ್ನೆರಡನ್ನು ನಡೆದರೆ ತಲೆಯ ಮೇಲಿಟ್ಟ ತುಂಬಿದ ಲೋಟವೂ ತುಳುಕುತ್ತಿರಲಿಲ್ಲ. ಹದಿಮೂರನೆಯದಕ್ಕೆ ಮಾತ್ರ ಬಲಗಾಲಿನ ಬೆರಳು ನೆಲಕ್ಕೆ ಉಜ್ಜಿ 'ಸರ್' ಅನ್ನುತ್ತಿತ್ತು.

ಇದು ಅಜ್ಜಿಯ ಮೂರು ವರ್ಷದ ತರಬೇತಿ: ಒಂದೊಂದೇ ಹೆಜ್ಜೆ ಎಣಿಸಿಕೊಂಡು, ಕಾಲೆತ್ತಿ ಇಡುವುದು. ಹೆಣ್ಣುಮಕ್ಕಳ ಕಾಯಿಲೆ ಹೊಸ್ತಿಲು ದಾಟಿದರೆ ಮದುವೆಯಾಗುವುದಿಲ್ಲ ಎಂಬುದು ಆ ಮನೆಯ ಕಾನೂನು.

"ಅತ್ತೆ, ಡಾಕ್ಟ್ರಿಗೆ ತೋರಿಸೋಣ."

"ತೋರಿಸಿ ಊರಿಗೆಲ್ಲ ಡಂಗುರ ಹೊಡಿಸ್ತೀಯಾ? ಲಂಗ ಒಂದಿಂಚು ಉದ್ದ ಹೊಲಿ. ಕಾಲು ತಾನಾಗೇ ಸರಿಹೋಗುತ್ತೆ."

ಸೊಸೆ ಹೊಲಿದಳು. ವರ್ಷಕ್ಕೊಂದು ಇಂಚು. ಮೂರನೆಯ ವರ್ಷಕ್ಕೆ ಆ ಬೀದಿಗೆ ಕಸ ಗುಡಿಸುವವರೇ ಬೇಡವಾದರು. ಕಾಲು ಮಾತ್ರ ಸರಿಹೋಗಲಿಲ್ಲ. ಹುಡುಗಿ ಮೆಟ್ಟಿಲಲ್ಲಿ ಎಡವಿ ಬಿದ್ದು ಎರಡು ಹಲ್ಲು ಮುರಿದುಕೊಂಡ ಮೇಲೆ ಮೂವರೂ ಆಸ್ಪತ್ರೆಗೆ ಹೋದರು.

"ಬಾಗಿಲಿಂದ ಇಲ್ಲಿವರೆಗೆ ನಡಿ ಮಗು," ಎಂದರು ಡಾಕ್ಟರು. "ಕಾಲು ಎತ್ತೋದು, ಇಡೋದು, ತಿರುಗೋದು, ಹೆಜ್ಜೆ ಸದ್ದು, ಎಲ್ಲಾನೂ ನಮಗೆ ಸಾಕ್ಷಿ ಹೇಳುತ್ತೆ."

ಹಣೆಬರಹ ನೋಡಿ, ಆ ಕೋಣೆಯೂ ಹನ್ನೆರಡೇ ಹೆಜ್ಜೆ. ಹುಡುಗಿ ರಾಣಿಯ ಹಾಗೆ ನಡೆದಳು.

"ಏನೂ ತೊಂದರೆ ಕಾಣ್ತಿಲ್ಲವಲ್ಲ!"

"ನಾನು ಬಡ್ಕೊಂಡಿದ್ದೂ ಅದನ್ನೇ," ಎಂದು ಅಜ್ಜಿ ಎದ್ದೇಬಿಟ್ಟಳು.

ಹೊಲಿಗೆಯಮ್ಮ ಸೆರಗಿಗೆ ಸಿಕ್ಕಿಸಿದ್ದ ಪಿನ್ನುಗಳನ್ನು ತೆಗೆದು ಮಗಳ ಲಂಗವನ್ನು ಮೊಣಕಾಲಿಗೆ ಮಡಚಿ ಚುಚ್ಚಿದಳು. "ಡಾಕ್ಟ್ರೇ, ಹೊರಗೆ ವರಾಂಡದಲ್ಲಿ ನಡೆಸಿ. ಹದಿಮೂರನೇದು ನೋಡಿ."

ಹದಿಮೂರು, 'ಸರ್'. ಹದಿನಾಲ್ಕು, 'ಸರ್'.

ಡಾಕ್ಟರು ನೆಲದಲ್ಲೇ ಕುಕ್ಕರಗಾಲಲ್ಲಿ ಕೂತರು. ಹಿಮ್ಮಡಿಯ ಮೇಲೆ ನಡೆಸಿದರೆ ಬಲಗಾಲಿನ ಮುಂಪಾದ ಮೇಲೇಳಲೇ ಇಲ್ಲ. ಚಪ್ಪಲಿ ತಿರುಗಿಸಿ ನೋಡಿದರೆ ತುದಿ ಸವೆದು ಕಾಗದವಾಗಿತ್ತು.

"ಬೆನ್ನಲ್ಲೆಲ್ಲೋ ನರ ಒತ್ತಿರೋ ಹಾಗಿದೆ. ಪರೀಕ್ಷೆ ಮಾಡಿಸೋಣ. ಯಾವಾಗಿಂದ?"

"ಮೂರು ವರ್ಷ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಆವಾಗಲೇ ಬಂದಿದ್ರೆ... ಇನ್ನು ಹೆಚ್ಚಾಗದ ಹಾಗೆ ನೋಡ್ಕೋಬಹುದಮ್ಮ. ಹೋಗಿರೋ ಬಲ ಬರೋದು ಕಷ್ಟ."

"ಪಿನ್ನು ತೆಗಿಯೇ, ಬೀದೀಲಿ ಜನ ಇದ್ದಾರೆ," ಎಂದಳು ಅಜ್ಜಿ.

"ಇರಲಿ ಅತ್ತೆ. ನೋಡ್ಲಿ."

ಆಸ್ಪತ್ರೆಯ ಹೊಸ್ತಿಲು ದಾಟುತ್ತಲೇ ಹುಡುಗಿಯ ತುಟಿ ಅಲುಗಿತು: ಒಂದು, ಎರಡು...

"ಎಣಿಸಬೇಡ ಪುಟ್ಟಾ. ಇನ್ನು ಎಣಿಸೋದು ಬೇಡ."

ಹುಡುಗಿ ನಿಂತೇಬಿಟ್ಟಳು. ಎಣಿಸದೆ ನಡೆಯುವುದು ಹೇಗೆಂದು ಅವಳಿಗೆ ಮರೆತುಹೋಗಿತ್ತು.