ಬಣ್ಣ ಹೇಳಬೇಡ

ರಾಘವನ ಕಣ್ಣಿಗೆ ಕೆಂಪು, ಹಸಿರು, ಕಂದು ಮೂರೂ ಹೆಚ್ಚುಕಡಿಮೆ ಒಂದೇ. ಓಕಳಿಪುರಂನ ಮನೆಯ ಹಿಂದೆ ಓಡುವ ರೈಲುಗಳನ್ನು ನೋಡುತ್ತ ಬೆಳೆದವನು, ಇಪ್ಪತ್ತೆರಡಕ್ಕೆ ರೈಲು ಓಡಿಸುವ ಕೆಲಸದ ಪರೀಕ್ಷೆ ಪಾಸು ಮಾಡಿದ್ದ. ಆದರೆ ಕಣ್ಣಿನ ಪರೀಕ್ಷೆಯಲ್ಲಿ ಚುಕ್ಕೆಗಳ ನಡುವೆ ಅಡಗಿದ್ದ ಅಂಕಿ ಕಾಣಲಿಲ್ಲ. ವಾಪಸು ಕಳಿಸಿದರು. ಈಗ ನಲವತ್ತಾರು ವಯಸ್ಸು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಶಂಕರಪುರಂನಲ್ಲಿ ಸಂಸಾರ. ಸೀರೆ ಆರಿಸುವಾಗ ಹೆಂಡತಿ ಆರಾಧನಾ ಅವನನ್ನು ಕೇಳುವುದಿಲ್ಲ. ಟೊಮೇಟೊ ಆರಿಸಲೂ ಯಾರೂ ಬಿಡುವುದಿಲ್ಲ.

ಹಳೆಯ ಕಾರಿನ ಸ್ಟೀರಿಯೊ ಕೆಟ್ಟಾಗ ಜೆ.ಸಿ. ರಸ್ತೆಯಿಂದ ಹೊಸದನ್ನು ತಂದ. ತಾನೇ ಹಾಕುವ ಆಸೆಯಿತ್ತು. ಆರಾಧನಾಳ ತಮ್ಮ ಮಧುಸೂದನ್ ನಕ್ಕುಬಿಟ್ಟ.

"ಭಾವ, ಇದು ಬಣ್ಣ ನೋಡಿ ವೈರ್ ಸೇರಿಸೋ ಕೆಲಸ. ನೀವು ಕೈ ಹಾಕ್ಬೇಡಿ, ನಾನ್ ಮಾಡ್ತೀನಿ."

ಶನಿವಾರ ಸಂಜೆ ಮಧು ಕೂರಿಸಿದ. ಹಾಡೂ ಬಂತು. ಆದರೆ ಕೀ ತೆಗೆದು ಮತ್ತೆ ಹಾಕಿದರೆ ಗಡಿಯಾರ ಹನ್ನೆರಡು ತೋರಿಸುತ್ತಿತ್ತು, ಹುಡುಕಿಟ್ಟಿದ್ದ ರೇಡಿಯೊ ಸ್ಟೇಷನ್‌ಗಳೆಲ್ಲ ಮಾಯ.

"ಕೆಂಪಿಗೆ ಕೆಂಪು, ಹಳದಿಗೆ ಹಳದಿ, ಎರಡೆರಡು ಸಲ ನೋಡಿದೀನಿ. ಸೆಟ್ಟೇ ಸರಿ ಇಲ್ಲ. ನಾಳೆ ಬಂದು ವಾಪಸ್ ಕೊಟ್ಬರ್ತೀನಿ" ಎಂದು ಮಧು ಹೊರಟ.

ಆಮೇಲೆ ರಾಘವ ಸೆಟ್ಟಿನ ಜೊತೆ ಬಂದಿದ್ದ ಪುಸ್ತಿಕೆಯನ್ನು ಓದಲು ಕೂತ. ಸೆಟ್ಟಿನ ಹಳದಿ ವೈರಿಗೆ ಸದಾ ಕರೆಂಟ್ ಇರಬೇಕು, ನೆನಪು ಉಳಿಯುವುದು ಅದರಿಂದ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಹಾಗಾದರೆ ಕಾರಿನ ಕಡೆಯಿಂದ ಬರುವ ವೈರುಗಳಲ್ಲಿ ಕರೆಂಟ್ ಹೇಗಿದೆ ಎಂದು ಯಾರಾದರೂ ನೋಡಿದ್ದಾರೆಯೇ?

ಭಾನುವಾರ ಬೆಳಗ್ಗೆ ಕಾಂಪೌಂಡಿನೊಳಗೆ ಕಾರಿನ ಬಾಗಿಲು ತೆರೆದು ಕೂತ. ಬ್ಯಾಟರಿಯ ವೈರ್ ಕಳಚಿದ. ಸೆಟ್ಟನ್ನು ಹೊರಗೆಳೆದು, ಮಧು ಹಾಕಿದ್ದ ಗಂಟುಗಳ ಎರಡೂ ಕಡೆ ಒಂದೇ ನಂಬರಿನ ಟೇಪ್ ಸುತ್ತಿ ಬಿಚ್ಚಿ, ತುದಿಗಳು ಒಂದಕ್ಕೊಂದು ತಾಗದಂತೆ ಬಿಡಿಸಿಟ್ಟು, ಮತ್ತೆ ಬ್ಯಾಟರಿ ಸೇರಿಸಿದ. ಕೈಯಲ್ಲಿ ಕರೆಂಟ್ ಅಳೆಯುವ ಮೀಟರ್. ಒಂಬತ್ತನೆಯ ಕ್ಲಾಸಿನ ಮಗಳು ಧೃತಿ ಪಕ್ಕದ ಸೀಟಿಗೆ ಬಂದಳು.

"ಅಪ್ಪ, ಬಣ್ಣ ನಾನ್ ಹೇಳ್ಲಾ?"

"ಬೇಡ ಪುಟ್ಟಿ, ಹೇಳ್ಬೇಡ. ನಾನು ಹೇಳೋ ನಂಬರ್ ಬರ್ಕೊ ಸಾಕು."

ಕೀ ಹಾಕದೆ ಒಂದೊಂದೇ ವೈರನ್ನು ಅಳೆದ. ಸೊನ್ನೆ. ಸೊನ್ನೆ. ಮತ್ತೂ ಸೊನ್ನೆ. ನಾಲ್ಕನೆಯದರಲ್ಲಿ ಹನ್ನೆರಡೂವರೆ ವೋಲ್ಟ್. ಅದಕ್ಕೊಂದು ಚೀಟಿ ಅಂಟಿಸಿ 'ಸದಾ' ಎಂದು ಬರೆದ. ಧೃತಿ ಕೀ ತಿರುಗಿಸಿದಳು. ಈಗ ಇನ್ನೊಂದರಲ್ಲೂ ಹನ್ನೆರಡು. ಅದಕ್ಕೆ 'ಕೀ' ಎಂಬ ಚೀಟಿ. ಧೃತಿ ಚೀಟಿಗಳನ್ನು ನೋಡಿ ಬಾಯಿ ತೆರೆದವಳು ಅಂಗೈಯಿಂದ ಮುಚ್ಚಿಕೊಂಡಳು.

"ಈಗ ಹೇಳು" ಎಂದ ರಾಘವ.

"ಅಪ್ಪ, 'ಸದಾ' ಅಂತ ಬರ್ದಿರೋದು ಕೆಂಪು! 'ಕೀ' ಹಳದಿ! ಉಲ್ಟಾ ಇದೆ!"

ಹಿಂದೆ ಯಾರೋ ಕಾರಿನ ಕಡೆಯ ವೈರುಗಳಿಗೆ ಕೈಗೆ ಸಿಕ್ಕ ಬಣ್ಣದ ತುಂಡಿನಲ್ಲೇ ತೇಪೆ ಹಾಕಿದ್ದರು. ಬಣ್ಣ ಬಲ್ಲ ಮಧು ಬಣ್ಣವನ್ನೇ ನಂಬಿ ಮೋಸಹೋಗಿದ್ದ. ರಾಘವ ಬ್ಯಾಟರಿಯನ್ನು ಮತ್ತೆ ಕಳಚಿ, ಆ ಎರಡರ ಜೋಡಿಗಳನ್ನು ಅದಲುಬದಲು ಮಾಡಿ, 'ಸದಾ'ವನ್ನು ಸೆಟ್ಟಿನ ಹಳದಿಗೆ, 'ಕೀ'ಯನ್ನು ಕೆಂಪಿಗೆ ಹೆಣೆದು ಟೇಪ್ ಸುತ್ತಿದ. ಉಳಿದವನ್ನು ನಂಬರ್ ನೋಡಿ ಇದ್ದಂತೆಯೇ ಸೇರಿಸಿದ. ಅಷ್ಟರಲ್ಲಿ ಗೇಟಿನ ಸದ್ದಾಯಿತು.

"ಅಯ್ಯೋ ಭಾವ, ಏನ್ಮಾಡ್ತಿದೀರಾ? ಸುಟ್ಟೋಗತ್ತೆ! ವಾಪಸೂ ತಗೊಳಲ್ಲ ಅವ್ರು!" ಮಧು ಓಡಿ ಬಂದ.

ರಾಘವ ಬ್ಯಾಟರಿ ಸೇರಿಸಿ ಕೀ ತಿರುಗಿಸಿದ. ಗಂಟೆ ಹೊಂದಿಸಿ, ಒಂದು ಸ್ಟೇಷನ್ ಹಿಡಿದು, ಕೀ ತೆಗೆದು ಜೇಬಿಗೆ ಹಾಕಿಕೊಂಡ.

"ಬಾ, ಕಾಫಿ ಕುಡಿಯೋಣ."

ಕಾಫಿ ಮುಗಿಸಿ ಎಲ್ಲರೂ ಕಾರಿನ ಸುತ್ತ ನಿಂತರು. ರಾಘವ ಕೀ ತಿರುಗಿಸಿದ. ಗಡಿಯಾರದಲ್ಲಿ ಹತ್ತು ಹದಿನೇಳು. ಆರಾಧನಾ ತನ್ನ ಫೋನ್ ನೋಡಿದಳು. ಅಲ್ಲೂ ಹತ್ತು ಹದಿನೇಳು. ಅದೇ ಸ್ಟೇಷನ್ನಿನಿಂದ ಹಾಡು ಉಕ್ಕಿ ಬಂತು. ಧೃತಿ ಕಿರುಚಿದಳು.

ಮಧು ಸೆಟ್ಟನ್ನೂ ಭಾವನನ್ನೂ ನೋಡಿದ. "ಹೆಂಗ್ ಗೊತ್ತಾಯ್ತು ಭಾವ?"

"ಅಳೆದೆ" ಎಂದ ರಾಘವ. ಮುಖದ ತುಂಬ ನಗು.

"ರೀ, ಒಂದ್ ರೌಂಡ್ ಹೋಗ್ಬರೋಣ್ವಾ?" ಆರಾಧನಾ ಮನೆಸೀರೆಯಲ್ಲೇ ಮುಂದಿನ ಸೀಟಿಗೆ ಹತ್ತಿದಳು. ಧೃತಿಯೂ ಮಧುವೂ ಹಿಂದೆ ಕೂತರು. ಗಾಜುಗಳನ್ನೆಲ್ಲ ಇಳಿಸಿ ಗಾಂಧಿಬಜಾರಿನ ಕಡೆ ಹೊರಟಾಗ, ಬೀದಿಯ ತುದಿಯಲ್ಲಿ ವಾಕಿಂಗ್ ಮುಗಿಸಿ ಬರುತ್ತಿದ್ದ ಹಿರಿಯರು, ಇಷ್ಟೊಂದು ಸದ್ದೇ ಎಂಬಂತೆ ನಿಂತು ನೋಡಿದರು. ರಾಘವ ಅವರಿಗೆ ಕೈಬೀಸಿ, ಹಾಡನ್ನು ಇನ್ನೂ ಒಂಚೂರು ಜೋರು ಮಾಡಿದ.